ಹಿಮ್ಮಡಿ ನೋವಿಗೆ ದುಡ್ಡು ಎಲ್ಲಿ ಹಾಕೋದು: ಮ್ಯಾರಥಾನ್ ಓಡೋರಿಗೊಂದು ಫಿಸಿಯೋ ರಿವ್ಯೂ, ಜೊತೆಗೆ ಸ್ಪ್ರೇ, ಟೇಪು, ರೋಲರ್ರು

ಮೊದಲೇ ಹೇಳಿಬಿಡ್ತೀನಿ, ಓಡೋರಿಗೆ ನೋವು ಬಂದಾಗ ದುಡ್ಡು ಖರ್ಚು ಮಾಡೋಕೆ ಹತ್ತಾರು ದಾರಿ ಇದಾವೆ, ಅದರಲ್ಲಿ ನನಗೆ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಜಯನಗರದ ಕಡೆ ಇರೋ ಒಂದು ಚಿಕ್ಕ ಸ್ಪೋರ್ಟ್ಸ್ ಫಿಸಿಯೋ ಕ್ಲಿನಿಕ್. ಹೆಸರು ಹಾಕ್ತಿಲ್ಲ, ಯಾಕಂದ್ರೆ ಫಿಸಿಯೋಗಳು ಜಾಗ ಬದಲಾಯಿಸ್ತಾ ಇರ್ತಾರೆ, ಅಲ್ಲದೆ ಮೈಸೂರಲ್ಲೋ ಮಂಗಳೂರಲ್ಲೋ ಕೂತು ಓದ್ತಿರೋರಿಗೆ ಆ ಹೆಸರಿಂದ ಏನೂ ಉಪಯೋಗ ಇಲ್ಲ. ಅಲ್ಲಿ ಏನೇನ್ ಮಾಡಿಸಿದ್ರು ಅಂತ ಬರೀತೀನಿ, ಅದನ್ನ ಇಟ್ಕೊಂಡು ನಿಮ್ಮೂರಲ್ಲಿ ಅಂಥ ಜಾಗ ಹುಡುಕ್ಬೋದು.

ನಾನು ಟ್ರೈನಿಂಗ್ ಮಾಡ್ತಿದ್ದಿದ್ದು ಜನವರಿಲಿ ನಡೆಯೋ ಮುಂಬೈ ಮ್ಯಾರಥಾನ್‌ಗೆ, ಫುಲ್ಲು, 42.195 ಕಿಲೋಮೀಟರ್. ಅಲ್ಲಿ 35ನೇ ಕಿಲೋಮೀಟರ್ ಆಸುಪಾಸಲ್ಲಿ ಪೆಡ್ಡರ್ ರೋಡ್ ಏರು ಬರುತ್ತೆ, ಎಲ್ಲರೂ ಅಲ್ಲೇ ನಡೆಯೋಕೆ ಶುರು ಮಾಡೋದು, ಹಂಗಾಗಿ ನಮ್ಮ ಗುಂಪಲ್ಲಿ ನಂದಿ ಬೆಟ್ಟದ ಏರು, ಲಾಲ್‌ಬಾಗ್ ಒಳಗಿನ ಏರಿಳಿತ ಅಂತ ಏರು ಓಡೋದೇ ಜಾಸ್ತಿ ಇತ್ತು. ಮಳೆಗಾಲ ಮುಗಿಯೋ ಹೊತ್ತಿಗೆ ಎಡಗಾಲಲ್ಲಿ ಹಿಮ್ಮಡಿಯಿಂದ ಒಂದೆರಡು ಇಂಚು ಮೇಲೆ, ಅಕಿಲಿಸ್ ಟೆಂಡನ್ (ಮೀನಖಂಡನ ಹಿಮ್ಮಡಿ ಮೂಳೆಗೆ ಜೋಡಿಸೋ ಹಗ್ಗದಂಥ ಪಟ್ಟಿ) ಮೇಲೆ, ಚಿವುಟಿದ್ರೆ ಜೀವ ಹೋಗೋ ಅಂಥ ನೋವು. ಬೆಳಿಗ್ಗೆ ಎದ್ದು ಬಚ್ಚಲಮನೆ ತನಕ ಹೋಗೋಕೆ ಗೋಡೆ ಹಿಡ್ಕೋಬೇಕು, ಓಡೋಕೆ ಶುರು ಮಾಡಿದ್ರೆ ಎರಡು ಕಿಲೋಮೀಟರ್ ಆದ್ಮೇಲೆ ನೋವೇ ಇರಲ್ಲ, ಮಾರನೇ ದಿನ ಮತ್ತೆ ಗೋಡೆ. ಈ ನೋವಿನ ಗುಣನೇ ಇದು, ಬಿಸಿ ಆದ್ಮೇಲೆ ಮಾಯ ಆಗಿ ಸರಿ ಹೋಯ್ತು ಅನ್ನಿಸುತ್ತೆ.

ಮೊದಲು ಹೋಗಿದ್ದು ಬೇರೆ ಕಡೆ, ಸ್ವಲ್ಪ ದೊಡ್ಡ ಜಾಗ, ಎಸಿ ಎಲ್ಲ ಇರೋದು. ಹತ್ತು ಸೆಷನ್ ಪ್ಯಾಕೇಜ್, ಮುಂಗಡ ದುಡ್ಡು. ಹೋದ ತಕ್ಷಣ ಮಲಗಿಸಿ ಕಾಲಿಗೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡೋದು, ಜನ ಶಾಕ್ ಕೊಡೋದು ಅಂತಾರಲ್ಲ ಅದು, ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮೆಷಿನ್ ಉಜ್ಜೋದು, ಆಮೇಲೆ ಬಿಸಿ ಪ್ಯಾಕು, ಮುಗೀತು ಮನೆಗೆ ಹೋಗಿ. ಹಾಯಾಗಿರುತ್ತೆ, ಸುಳ್ಳು ಹೇಳಲ್ಲ, ಅವತ್ತು ರಾತ್ರಿ ನೋವು ಕಡಿಮೆ ಇರುತ್ತೆ. ಆದ್ರೆ ವಾರಕ್ಕೆ ಎಷ್ಟು ಓಡ್ತೀರಾ ಅಂತ ಒಬ್ರೂ ಕೇಳ್ಲಿಲ್ಲ, ನಿಲ್ಲಿಸಿ ಕಾಲು ಎತ್ತಿಸಿ ನೋಡ್ಲಿಲ್ಲ, ಕೊನೆಗೆ ಹೇಳಿದ್ದು "ನಿಮ್ ವಯಸ್ಸಿಗೆ ಓಡೋದ್ ಯಾಕೆ, ವಾಕಿಂಗ್ ಸಾಕಲ್ವಾ" ಅಂತ. ನನಗೆ ಬೇಜಾರಾಗಿದ್ದು ಆ ಮಾತಿಗೆ. ಓಡೋರಿಗೆ ಓಡೋದು ಬಿಡಿ ಅನ್ನೋದು ಟ್ರೀಟ್ಮೆಂಟ್ ಅಲ್ಲ. ಟೆಂಡನ್ ನೋವಲ್ಲಿ ಬರೀ ರೆಸ್ಟ್ ಮಾಡಿದ್ರೆ ನೋವು ಇಳಿಯುತ್ತೆ ನಿಜ, ಆದ್ರೆ ಅದಕ್ಕೆ ಭಾರ ತಡ್ಕೊಳ್ಳೋ ಶಕ್ತಿನೂ ಇಳಿಯುತ್ತೆ, ಮತ್ತೆ ಓಡೋಕೆ ಹೋದಾಗ ಮೊದಲಿಗಿಂತ ಬೇಗ ಕೈ ಕೊಡುತ್ತೆ. ಎಷ್ಟೋ ಜನ ಇದೇ ಸುಳಿಯಲ್ಲಿ ವರ್ಷಗಟ್ಲೆ ಸುತ್ತುತಾ ಇದಾರೆ, ರೆಸ್ಟು, ಓಟ, ನೋವು, ರೆಸ್ಟು.

ಈಗ ಜಯನಗರದ ಕಥೆಗೆ ಬರ್ತೀನಿ. ಫಿಸಿಯೋ ಹುಬ್ಬಳ್ಳಿ ಕಡೆಯವರು, ಚಿಕ್ಕ ವಯಸ್ಸು, ತುಂಬಾ ಸಮಾಧಾನ. ಮೊದಲ ಸಲ ಹೋದಾಗ ಅರ್ಧ ಗಂಟೆ ಬರೀ ಪ್ರಶ್ನೆ. ಮೂರು ತಿಂಗಳಿಂದ ವಾರಕ್ಕೆ ಎಷ್ಟೆಷ್ಟು ಕಿಲೋಮೀಟರ್, ವಾಚಲ್ಲಿರೋ ಡೇಟಾ ತೋರಿಸಿ, ಏರು ಯಾವಾಗ ಶುರು ಮಾಡಿದ್ರಿ, ಶೂ ಯಾವಾಗ ಬದಲಾಯಿಸಿದ್ರಿ, ನಿದ್ದೆ ಎಷ್ಟು, ಶುಗರ್ ಇದೆಯಾ, ಇತ್ತೀಚೆಗೆ ಯಾವ್ದಾದ್ರೂ ಆಂಟಿಬಯಾಟಿಕ್ ತಗೊಂಡ್ರಾ. ಈ ಕೊನೆ ಪ್ರಶ್ನೆ ಯಾಕೆ ಅಂತ ಕೇಳಿದೆ. ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಈ ಜಾತಿ ಮಾತ್ರೆಗಳು ಟೆಂಡನ್‌ಗೆ ಹಾನಿ ಮಾಡ್ಬೋದು, ಅದ್ರಲ್ಲೂ ಅಕಿಲಿಸ್‌ಗೆ, ಅಪರೂಪಕ್ಕೆ ಹರಿದೇ ಹೋಗ್ಬೋದು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇದರ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕ್ಸಿದೆ. ನಮ್ಮಲ್ಲಿ ಹೊಟ್ಟೆ ಕೆಟ್ರೆ ಮೆಡಿಕಲ್ ಶಾಪಲ್ಲಿ ಕೇಳಿ ಇವನ್ನೇ ನುಂಗೋರು ಎಷ್ಟು ಜನ ಇದಾರೆ ನೋಡಿ. ಓಡೋರು ಡಾಕ್ಟರ್ ಹತ್ರ ಹೋದಾಗ ನಾನು ಓಡ್ತೀನಿ, ಟೆಂಡನ್ ನೋವಿದೆ ಅಂತ ಬಾಯಿ ಬಿಟ್ಟು ಹೇಳಿ, ಬೇರೆ ಔಷಧಿ ಇದ್ರೆ ಅದನ್ನ ಕೊಡ್ತಾರೆ. ಬರೆದುಕೊಟ್ಟಿದ್ದನ್ನ ನೀವೇ ನಿಲ್ಲಿಸೋಕೆ ಹೋಗ್ಬೇಡಿ.

ಆಮೇಲೆ ಪರೀಕ್ಷೆ. ಗೋಡೆಗೆ ಬೆರಳು ತಾಗಿಸ್ಕೊಂಡು ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸೋದು, ಆಗೋ ತನಕ. ಬಲಗಾಲಲ್ಲಿ ಇಪ್ಪತ್ತು ದಾಟ್ತು, ಎಡಗಾಲು ಅದರ ಅರ್ಧಕ್ಕೆ ನಡುಗೋಕೆ ಶುರು. ನಿಮ್ ಓಟ ನಿಲ್ಸಿರೋದು ಈ ವ್ಯತ್ಯಾಸನೇ ಅಂದ್ರು. ಓಡುವಾಗ ಪ್ರತಿ ಹೆಜ್ಜೆಗೂ ಅಕಿಲಿಸ್ ಮೇಲೆ ಮೈ ತೂಕದ ಆರೇಳು ಪಟ್ಟು ಎಳೆತ ಬೀಳುತ್ತೆ, ಅದನ್ನ ಹೊರೋದು ಮೀನಖಂಡ, ಮೀನಖಂಡದಲ್ಲಿ ಬಲ ಇಲ್ದೆ ಶೂ ಬದಲಾಯಿಸಿದ್ರೂ ಟೇಪ್ ಸುತ್ತಿದ್ರೂ ಅಷ್ಟಕ್ಕಷ್ಟೇ. ನೋವು ಟೆಂಡನ್ ಮಧ್ಯದಲ್ಲಿದೆಯಾ ಇಲ್ಲ ಹಿಮ್ಮಡಿ ಮೂಳೆಗೆ ಅಂಟ್ಕೊಳ್ಳೋ ಜಾಗದಲ್ಲಿದೆಯಾ ಅಂತನೂ ಒತ್ತಿ ನೋಡಿದ್ರು, ಇದು ತುಂಬಾ ಮುಖ್ಯ, ಯಾಕಂದ್ರೆ ಎರಡಕ್ಕೂ ಎಕ್ಸರ್ಸೈಜ್ ಬೇರೆ. ಮಧ್ಯದಲ್ಲಿದ್ರೆ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿನ ಮೆಟ್ಟಿಲಿಗಿಂತ ಕೆಳಗೆ ಇಳಿಸ್ಬೋದು, ಮೂಳೆ ಹತ್ರ ಇದ್ರೆ ಹಂಗೆ ಇಳಿಸ್ಬಾರ್ದು, ಸಮ ನೆಲದಲ್ಲೇ ಮಾಡ್ಬೇಕು, ಮೀನಖಂಡ ಜಗ್ಗಿ ಸ್ಟ್ರೆಚ್ ಮಾಡೋದೂ ಅಲ್ಲಿ ಕೆಡುಕೇ.

ಈ ಮೆಟ್ಟಿಲ ಎಕ್ಸರ್ಸೈಜ್ ಹಿಂದೆ ಒಳ್ಳೇ ಕಥೆ ಇದೆ. ಹೋಕನ್ ಆಲ್ಫ್ರೆಡ್ಸನ್ ಅಂತ ಸ್ವೀಡನ್ನಿನ ಮೂಳೆ ಡಾಕ್ಟರ್, ಅವರಿಗೇ ಅಕಿಲಿಸ್ ನೋವಿತ್ತು. 1998ರಲ್ಲಿ ಅವರು 15 ಜನ ಹವ್ಯಾಸಿ ಓಟಗಾರರಿಗೆ ದಿನಕ್ಕೆ ಎರಡು ಸಲ, ಮಂಡಿ ನೇರ ಇಟ್ಟು 15ರ ಮೂರು ಸೆಟ್, ಮಂಡಿ ಮಡಿಚಿ 15ರ ಮೂರು ಸೆಟ್, ಅಂದ್ರೆ ದಿನಕ್ಕೆ 180 ಸಲ ಹಿಮ್ಮಡಿ ಇಳಿಸೋದನ್ನ 12 ವಾರ ಮಾಡಿಸಿದ್ರು, ನೋವಾದ್ರೂ ಮಾಡಿ, ನೋವು ಕಡಿಮೆ ಆದ್ರೆ ಬೆನ್ನಿಗೆ ಬ್ಯಾಗ್ ಹಾಕಿ ತೂಕ ಏರಿಸಿ ಅಂತ. ಹದಿನೈದು ಜನನೂ ಮತ್ತೆ ಓಟಕ್ಕೆ ವಾಪಸ್. ಇವರೆಲ್ಲ ಬೇರೆ ಟ್ರೀಟ್ಮೆಂಟ್ ಮಾಡ್ಸಿ ಮಾಡ್ಸಿ ಆಪರೇಷನ್ ಹೊಸ್ತಿಲಲ್ಲಿದ್ದೋರು. ಈಗ ಅಷ್ಟು ಸಲ ಎಲ್ಲರಿಗೂ ಹೇಳಲ್ಲ, ನನಗೆ ಕೊಟ್ಟಿದ್ದು ನಿಧಾನ, ಭಾರ ಜಾಸ್ತಿ, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಲ್ಲಿ ಎತ್ತಿ ಹಿಡ್ಕೊಂಡು ನಿಲ್ಲೋದು, ಆಮೇಲೆ ಎರಡು ಕಾಲಲ್ಲಿ ಎತ್ತಿ ಒಂದರಲ್ಲಿ ಇಳಿಸೋದು, ಆಮೇಲೆ ಒಂದೇ ಕಾಲು, ಆಮೇಲೆ ಬ್ಯಾಗಲ್ಲಿ ಐದು ಕೆಜಿ ರಾಗಿ ಹಿಟ್ಟಿನ ಪ್ಯಾಕೆಟ್, ಆಮೇಲೆ ಹತ್ತು. ಕೂತ್ಕೊಂಡು ಮಂಡಿ ಮೇಲೆ ಭಾರ ಇಟ್ಟು ಎತ್ತೋದೂ ಇತ್ತು, ಅದು ಸೋಲಿಯಸ್ ಅಂತ ಒಳಗಿನ ಸ್ನಾಯುಗೆ, ದೂರ ಓಡೋರಿಗೆ ಅದೇ ಜೀವಾಳ ಅಂದ್ರು. ಮೂರು ಎಣಿಸ್ತಾ ಮೇಲೆ, ಮೂರು ಎಣಿಸ್ತಾ ಕೆಳಗೆ. ಬೋರು, ನಿಜ. ಹಲ್ಲುಜ್ಜೋದಕ್ಕೆ ಯಾರೂ ಉತ್ಸಾಹ ಬರ್ಲಿ ಅಂತ ಕಾಯಲ್ಲ, ಹಂಗೆ ಮಾಡ್ಕೊಂಡು ಹೋಗ್ಬೇಕು.

ಆದ್ರೆ ನಾನು ಈ ಕ್ಲಿನಿಕ್‌ಗೆ ಹೆಚ್ಚು ಅಂಕ ಕೊಡೋದು ಎಕ್ಸರ್ಸೈಜ್‌ಗಲ್ಲ, ಎಕ್ಸರ್ಸೈಜ್ ಫೋನಲ್ಲೂ ಸಿಗುತ್ತೆ. ನೋವನ್ನ ಹೆಂಗೆ ಓದ್ಬೇಕು ಅಂತ ಕಲಿಸಿದ್ದಕ್ಕೆ. ಅವರ ಮಾತಲ್ಲೇ ಹೇಳ್ತೀನಿ, "ನೋವು ಹತ್ತಕ್ಕ ಎಷ್ಟ್ ಅದ ಹೇಳ್ರಿ. ಮೂರು ನಾಕು ಇದ್ರ ಓಡ್ರಿ, ಐದು ದಾಟಬಾರ್ದು. ಮರುದಿನ ಮುಂಜಾನೆ ಎದ್ದಾಗ ನಿನ್ನಿಗಿಂತ ಜಾಸ್ತಿ ಆಗಿದ್ರ, ನಿನ್ನೆ ಮಾಡಿದ್ದು ಹೆಚ್ಚಾತು ಅಂತ ತಿಳ್ಕೊಳ್ರಿ, ಹೆದರಬ್ಯಾಡ್ರಿ, ಒಂದ್ ಮೆಟ್ಟಲ ಕೆಳಗ ಇಳೀರಿ." ಇದು ಅವರು ಕಂಡುಹಿಡಿದಿದ್ದಲ್ಲ, ಸಿಲ್ಬರ್ನಾಗಲ್ ಅಂತ ಇನ್ನೊಬ್ರು ಸ್ವೀಡನ್ ಮೂಲದ ಸಂಶೋಧಕಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಲೆಕ್ಕ ಇಟ್ಕೊಂಡು ಓಡ್ತಾ ಇದ್ದೋರೂ, ಮೊದಲ ಆರು ವಾರ ಓಟ ಬಿಟ್ಟೋರೂ ಹೆಚ್ಚುಕಮ್ಮಿ ಒಂದೇ ಥರ ಚೇತರಿಸ್ಕೊಂಡ್ರು. ಅಂದ್ರೆ ಎಕ್ಸರ್ಸೈಜ್ ಮಾಡ್ತಾ ಲೆಕ್ಕದಲ್ಲಿ ಓಡಿದ್ರೆ ನೋವೇನೂ ಹದಗೆಡಲ್ಲ. ಇದನ್ನ ಕೇಳಿ ನನ್ನ ಮನಸ್ಸು ಎಷ್ಟು ಹಗುರ ಆಯ್ತು ಅಂದ್ರೆ, ಅಲ್ಲೀ ತನಕ ಪ್ರತಿ ಚಿಕ್ಕ ಚುಚ್ಚಿಗೂ ಇನ್ನೇನು ಹರಿದೇ ಹೋಯ್ತು ಅಂತ ಹೆದರ್ಕೊಂಡು ಕುಂಟ್ತಾ ಇರ್ತೀವಿ, ಆ ಹೆದರಿಕೆಲಿ ಬಲಗಾಲ ಮೇಲೆ ಭಾರ ಹಾಕಿ ಸೊಂಟ ನೋವು ಬೇರೆ ತಂದ್ಕೊತೀವಿ. ನೋವಿದೆ ಅಂದ ಮಾತ್ರಕ್ಕೆ ಹಾನಿ ಆಗ್ತಿದೆ ಅಂತಲ್ಲ, ಇಷ್ಟು ಗೊತ್ತಾದ್ರೆ ಅರ್ಧ ಗೆದ್ದಂಗೆ.

ಓಟದ ಪ್ಲಾನ್ ಕೂಡ ಅವರೇ ಬರ್ಕೊಟ್ರು. ಏರು ಬಂದ್, ಸ್ಪೀಡ್ ಬಂದ್, ಯಾಕಂದ್ರೆ ಏರಲ್ಲಿ ಹಿಮ್ಮಡಿ ತುಂಬಾ ಕೆಳಗೆ ಜಗ್ಗುತ್ತೆ, ವೇಗ ಹೆಚ್ಚಾದಷ್ಟೂ ಟೆಂಡನ್ ಸ್ಪ್ರಿಂಗ್ ಥರ ಕೆಲಸ ಮಾಡ್ಬೇಕಾಗುತ್ತೆ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಅಲ್ಲಿ ಸಮತಟ್ಟಾದ ಕಡೆ ಓಟ ಒಂದಿಷ್ಟು ನಿಮಿಷ, ನಡಿಗೆ ಒಂದು ನಿಮಿಷ, ಹಿಂಗೆ ಶುರು. ಓಡಿದ ಮಾರನೇ ದಿನ ಓಟ ಇಲ್ಲ, ಸೈಕಲ್ಲು ಇಲ್ಲಾಂದ್ರೆ ಈಜು. ಜನವರಿ ಮುಂಬೈ ಬಿಟ್ಟುಬಿಡಿ ಅಂತ ಮುಲಾಜಿಲ್ದೆ ಹೇಳಿದ್ರು, ಬಿಟ್ಟೆ, ಬಿಬ್ (ಓಡುವಾಗ ಎದೆಗೆ ಹಾಕೋ ನಂಬರ್) ದುಡ್ಡು ಹೋಯ್ತು, ನಮ್ಮ ಗುಂಪಿನವರು ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಹಳೇ ವಿಕ್ಟೋರಿಯಾ ಟರ್ಮಿನಸ್) ಮುಂದೆ ಮೆಡಲ್ ಹಾಕ್ಕೊಂಡು ನಿಂತ ಫೋಟೋ ಕಳಿಸಿದಾಗ ಅವತ್ತಿಡೀ ಫೋನ್ ಮುಟ್ಲಿಲ್ಲ. ಇಂಥ ದಿನಗಳಿಗೆ ಯಾವ ಎಕ್ಸರ್ಸೈಜೂ ಇಲ್ಲ. ಭಾನುವಾರ ಬೆಳಿಗ್ಗೆ ಗುಂಪಿನ ಲಾಂಗ್ ರನ್‌ಗೆ ಸೈಕಲ್ಲಲ್ಲಿ ನೀರು, ಎಲೆಕ್ಟ್ರಾಲ್, ಬಾಳೆಹಣ್ಣು ತಗೊಂಡ್ ಹೋಗೋಕೆ ಶುರು ಮಾಡಿದೆ, ಜನರ ಜೊತೆ ಇದ್ದೆ, ಅಷ್ಟು ಸಾಕಾಯ್ತು. ಮುಂದಿನ ಜನವರಿಗೆ ಮುಂಬೈ ಓಡಿದೆ, ಪೆಡ್ಡರ್ ರೋಡಲ್ಲಿ ನಡೀಲಿಲ್ಲ.

ಈಗ ಸಾಮಾನುಗಳ ವಿಷಯ, ಯಾಕಂದ್ರೆ ಕ್ಲಿನಿಕ್‌ಗೆ ಹೋಗೋ ಮುಂಚೆ ಎಲ್ಲರೂ ಆರ್ಡರ್ ಮಾಡೋದು ಇವನ್ನೇ.

ಫೋಮ್ ರೋಲರ್ (ಕಾಲ ಕೆಳಗಿಟ್ಟು ಉರುಳಿಸೋ ಉರುಳೆ) ತಗೊಳ್ಳಿ, ಐನೂರು ಆರ್ನೂರು ರೂಪಾಯಿದು ಸಾಕು, ಗಂಟು ಗಂಟಾಗಿರೋ ದುಬಾರಿದು ಬೇಡ. ಮೀನಖಂಡ, ತೊಡೆ ಬಿಗಿ ಸಡಿಲ ಆಗುತ್ತೆ, ಸ್ವಲ್ಪ ಹೊತ್ತಿಗೆ. ನೋವಿರೋ ಟೆಂಡನ್ ಮೇಲೇ ಇಟ್ಟು ಉಜ್ಜೋರನ್ನ ನೋಡಿದೀನಿ, ದಯವಿಟ್ಟು ಮಾಡ್ಬೇಡಿ, ಅದು ಇನ್ನೂ ಕೆರಳುತ್ತೆ. ಮಸಾಜ್ ಗನ್ ಅದರ ಕೆಲಸನೇ ಐದಾರು ಪಟ್ಟು ರೇಟಲ್ಲಿ ಮಾಡುತ್ತೆ. ಬಣ್ಣದ ಟೇಪು, ಕೆಲವರಿಗೆ ಹಾಕಿದಾಗ ನೋವು ಕಡಿಮೆ ಅನ್ಸುತ್ತೆ, ನನಗೂ ಅನ್ನಿಸ್ತು, ಆದ್ರೆ ನಮ್ಮ ಬೆವರಿಗೆ ಹತ್ತು ಕಿಲೋಮೀಟರ್ ದಾಟೋದ್ರೊಳಗೆ ಅಂಚು ಬಿಟ್ಕೊಳ್ಳುತ್ತೆ. ಕಾಲಿಗೆ ಬಿಗಿಯಾದ ಸ್ಲೀವ್, ಚಳಿಲಿ ಬೆಚ್ಚಗಿರುತ್ತೆ. ಶೂ ಒಳಗೆ ಹಿಮ್ಮಡಿ ಕೆಳಗೆ ಇಡೋ ಚಿಕ್ಕ ಲಿಫ್ಟ್ ಇದ್ಯಲ್ಲ, ಇದು ಮಾತ್ರ ನಿಜವಾಗ್ಲೂ ಒಳ್ಳೇದು, ಅಗ್ಗ, ಎರಡೂ ಕಾಲಿಗೂ ಹಾಕಿ, ಟೆಂಡನ್ ಮೇಲಿನ ಎಳೆತ ಇಳಿಸುತ್ತೆ, ನೋವು ಜೋರಿರೋ ದಿನಗಳಿಗೆ ಮಾತ್ರ. ಇದೇ ಕಾರಣಕ್ಕೆ ಅಕಿಲಿಸ್ ನೋವಿದ್ದಾಗ ಚಪ್ಪಟೆ ಶೂಗೆ, ಹಿಮ್ಮಡಿ ಎತ್ತರ ಇಲ್ದೇ ಇರೋದಕ್ಕೆ, ಹೋಗ್ಬೇಡಿ.

ಸ್ಪ್ರೇ, ಜೆಲ್. ಮೆಂತಾಲ್, ವಿಂಟರ್‌ಗ್ರೀನ್ ಎಣ್ಣೆ ಇರೋದು ಚರ್ಮಕ್ಕೆ ತಂಪು ಬಿಸಿ ಕೊಟ್ಟು ಗಮನ ಬೇರೆ ಕಡೆ ಸೆಳೆಯುತ್ತೆ, ಡೈಕ್ಲೋಫೆನಾಕ್ ಇರೋ ಜೆಲ್ ಸ್ವಲ್ಪ ಜಾಸ್ತಿ ಕೆಲಸ ಮಾಡುತ್ತೆ. ಆಫೀಸಲ್ಲಿ ಕೂರೋಕೆ ಆಗ್ತಿಲ್ಲ ಅಂದ್ರೆ ಹಚ್ಕೊಳ್ಳಿ, ತಪ್ಪೇನಿಲ್ಲ. ಆದ್ರೆ ಓಡೋಕೆ ಮುಂಚೆ ಹಚ್ಕೊಂಡ್ರೆ ಮೇಲೆ ಹೇಳಿದ ಹತ್ತರ ಲೆಕ್ಕ ಎಲ್ಲಾ ಸುಳ್ಳಾಗುತ್ತೆ. ಇದಕ್ಕಿಂತ ಮುಖ್ಯವಾಗಿ ನೋವಿನ ಮಾತ್ರೆ. ರೇಸ್ ದಿನ ಬೆಳಿಗ್ಗೆ ಐಬುಪ್ರೊಫೆನ್ ನುಂಗಿ ಜೇಬಲ್ಲಿ ಇನ್ನೊಂದು ಇಟ್ಕೊಂಡು ಓಡೋರು ನಮ್ಮ ಗುಂಪಲ್ಲೇ ಇದಾರೆ, ಕೈ ಮುಗಿದು ಕೇಳ್ತೀನಿ ಬಿಡಿ. ಮೂರು ನಾಲ್ಕು ಗಂಟೆ ಓಡ್ತಾ ಬೆವರಿ ಮೈಯಲ್ಲಿ ನೀರು ಕಡಿಮೆ ಆದಾಗ ಕಿಡ್ನಿಗೆ ರಕ್ತ ಹೋಗೋದೇ ಕಡಿಮೆ ಆಗಿರುತ್ತೆ, ಈ ಮಾತ್ರೆ ಅದನ್ನ ಇನ್ನೂ ಕಡಿಮೆ ಮಾಡುತ್ತೆ. 2017ರಲ್ಲಿ ಅಲ್ಟ್ರಾ ಓಟಗಾರರ (ಮ್ಯಾರಥಾನ್‌ಗಿಂತ ದೂರ ಓಡೋರು) ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ ಐಬುಪ್ರೊಫೆನ್ ತಗೊಂಡವರಲ್ಲಿ ಕಿಡ್ನಿ ತೊಂದರೆ ಜಾಸ್ತಿ ಕಂಡಿದೆ. ಟೆಂಡನ್ ಒಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕ್ಸಿ ಬೇಗ ಓಡ್ಬೋದು ಅಂತ ಯಾರಾದ್ರೂ ಹೇಳಿದ್ರೆ ಇನ್ನೊಬ್ರು ಡಾಕ್ಟರ್ ಹತ್ರ ಕೇಳದೆ ಒಪ್ಕೋಬೇಡಿ, ಹರಿಯೋ ಅಪಾಯ ಇದೆ. ಐಸ್ ಬಗ್ಗೆ, 1978ರಲ್ಲಿ ಗೇಬ್ ಮಿರ್ಕಿನ್ ಅನ್ನೋ ಡಾಕ್ಟರು ರೆಸ್ಟ್, ಐಸ್ ಅಂತ ಸೂತ್ರ ಕಟ್ಟಿದ್ರು, 2014ರಲ್ಲಿ ಅವರೇ ಐಸೂ ಪೂರ್ತಿ ರೆಸ್ಟೂ ವಾಸಿ ಆಗೋದನ್ನ ತಡ ಮಾಡ್ಬೋದು ಅಂತ ಬರೆದ್ರು. ನೋವು ಇಳಿಸೋಕೆ ಸ್ವಲ್ಪ ಹೊತ್ತು ಇಟ್ಕೊಂಡ್ರೆ ಸಾಕು.

ನಮ್ಮತ್ತೆ ಪುತ್ತೂರು ಕಟ್ಟು ಹಾಕಿಸ್ಕೋ ಅಂತ ಹಠ ಹಿಡಿದ್ರು, ಪ್ರೀತಿಯಿಂದಲೇ. ಈ ನೋವಿಗೆ ಕಟ್ಟಿ ಕೂರ್ಸೋದು ತಿರುಗುಮುರುಗು ಅಂತ ಅವರಿಗೆ ಅರ್ಥ ಮಾಡ್ಸೋಕೆ, ಮೆಟ್ಟಿಲ ಮೇಲೆ ಎಕ್ಸರ್ಸೈಜ್ ಮಾಡಿ ತೋರ್ಸಿದೆ, ಈಗ ಅವರೂ ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತುತಾರೆ.

ಎಲ್ಲಾ ನೋವಿಗೂ ಫಿಸಿಯೋ ಅಂತನೂ ಅಲ್ಲ. ಒಂದು ದಿನ ಮೀನಖಂಡಕ್ಕೆ ಯಾರೋ ಹಿಂದಿಂದ ಒದ್ದಂಗೆ ಆಗಿ ಟಪ್ ಅಂತ ಸದ್ದು ಬಂದು ಹಿಮ್ಮಡಿ ಎತ್ತೋಕೇ ಆಗ್ಲಿಲ್ಲ ಅಂದ್ರೆ ಟೆಂಡನ್ ಹರಿದಿರ್ಬೋದು, ಅವತ್ತೇ ಆಸ್ಪತ್ರೆಗೆ ಹೋಗಿ. ಮಂಡಿ ಕೆಳಗೆ ಕಾಲಿನ ಮುಂಭಾಗದ ಮೂಳೆ ಮೇಲೋ ಪಾದದ ಮೂಳೆ ಮೇಲೋ ಬೆರಳಿಟ್ಟು ತೋರಿಸೋ ಅಂಥ ಒಂದೇ ಜಾಗದಲ್ಲಿ ನೋವು, ಓಡ್ತಾ ಓಡ್ತಾ ಜಾಸ್ತಿ ಆಗೋದು, ರಾತ್ರಿ ಮಲಗಿದಾಗಲೂ ಇರೋದು, ಇದು ಮೂಳೆ ಬಿರುಕಿನ ಲಕ್ಷಣ, ಇದಕ್ಕೆ ಹತ್ತರ ಲೆಕ್ಕ ನಡೆಯಲ್ಲ, ಓಟ ನಿಲ್ಸ್ಲೇಬೇಕು. ಶುರುವಲ್ಲಿ ಎಕ್ಸ್‌ರೇಲಿ ಕಾಣ್ದೇ ಇರ್ಬೋದು, ಎಂಆರ್‌ಐ ಬೇಕಾಗುತ್ತೆ. ಹೆಣ್ಣುಮಕ್ಕಳಲ್ಲಿ ಟ್ರೈನಿಂಗ್ ಜಾಸ್ತಿ ಆಗಿ ಊಟ ಕಡಿಮೆ ಆಗಿ ಮುಟ್ಟು ನಿಂತಿದ್ರೆ ಮೂಳೆಗೆ ಅಪಾಯ ಇನ್ನೂ ಜಾಸ್ತಿ, ಇದನ್ನ ಗುಂಪಲ್ಲಿ ಯಾರೂ ಮಾತಾಡಲ್ಲ, ಮಾತಾಡ್ಬೇಕು. ಒಂದೇ ಮೀನಖಂಡ ಊದಿ ಬಿಸಿಯಾಗಿದ್ರೆ, ಅದ್ರಲ್ಲೂ ದೂರದ ಪ್ರಯಾಣ ಮಾಡಿ ಬಂದ್ಮೇಲೆ, ರಕ್ತ ಹೆಪ್ಪುಗಟ್ಟಿರ್ಬೋದು, ಮಸಾಜ್ ಮಾಡ್ಸ್ದೆ ಡಾಕ್ಟರ್ ಹತ್ರ ಓಡಿ.

ಕ್ಲಿನಿಕ್‌ನ ಕೊರತೆನೂ ಹೇಳ್ಬೇಕು. ಮೊದಲ ಸಲಕ್ಕೆ 1,200 ರೂಪಾಯಿ, ಆಮೇಲೆ ಸೆಷನ್‌ಗೆ 800, ಇನ್ಶೂರೆನ್ಸಲ್ಲಿ ನನಗೆ ಏನೂ ವಾಪಸ್ ಸಿಗ್ಲಿಲ್ಲ. ಮೊದಲನೇ ಮಹಡಿ, ಲಿಫ್ಟ್ ಇಲ್ಲ, ಮಂಡಿ ನೋವಿಂದ ಬರೋ ವಯಸ್ಸಾದವರು ರೇಲಿಂಗ್ ಹಿಡ್ಕೊಂಡು ಹತ್ತೋದು ನೋಡೋಕೆ ಕಷ್ಟ ಆಗುತ್ತೆ, ಇದನ್ನ ಅವರು ಸರಿ ಮಾಡ್ಲೇಬೇಕು. ಭಾನುವಾರ ರಜೆ, ಪಾರ್ಕಿಂಗ್ ಇಲ್ಲ, ಎಕ್ಸರ್ಸೈಜ್ ಕಳಿಸೋ ಆ್ಯಪ್ ಬರೀ ಇಂಗ್ಲಿಷಲ್ಲಿದೆ, ಅಮ್ಮಂದಿರಿಗೆ ಅದರಿಂದ ಉಪಯೋಗ ಇಲ್ಲ. ಆದ್ರೆ ಹತ್ತು ಸೆಷನ್ ಅಂತ ಕಟ್ಟಿಸ್ಕೊಳ್ಳಲ್ಲ, ಮೊದಲು ವಾರಕ್ಕೊಂದು, ಆಮೇಲೆ ಮೂರು ವಾರಕ್ಕೊಂದು, ಇನ್ನು ಬರ್ಬೇಡ್ರಿ ಅಂತ ಅವರೇ ಹೇಳಿ ಕಳಿಸಿದ್ರು. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಡಿಮೆ ಆ ಮೆಟ್ಟಿಲಿಗೆ.

ನಿಮ್ಮೂರಲ್ಲಿ ಹುಡುಕುವಾಗ ಫೋನ್ ಮಾಡಿ ಒಂದೇ ಕೇಳಿ, ಮೊದಲ ಸಲ ಬಂದಾಗ ಎಷ್ಟು ಹೊತ್ತು ನೋಡ್ತೀರಾ, ಎಕ್ಸರ್ಸೈಜ್ ಮಾಡಿಸ್ತೀರಾ ಇಲ್ಲ ಮೆಷಿನ್ನಾ. ಹೋಗುವಾಗ ಜೊತೆಗೆ ಓಡೋ ಶೂ ತಗೊಂಡ್ ಹೋಗಿ, ಹೊಸದಲ್ಲ, ಸವೆದಿರೋದು, ಮೂರು ತಿಂಗಳ ಓಟದ ಲೆಕ್ಕ ಫೋನಲ್ಲಿ ರೆಡಿ ಇಟ್ಕೊಳ್ಳಿ, ಮಂಡಿ ತನಕ ಮಡಿಚೋಕಾಗೋ ಪ್ಯಾಂಟ್ ಹಾಕ್ಕೊಳ್ಳಿ. ಸಂಜೆ ಆರರ ಮೇಲಿನ ಸ್ಲಾಟ್ ಬೇಗ ತುಂಬುತ್ತೆ, ಬೆಳಿಗ್ಗೆ ಏಳರದ್ದು ಕೇಳಿ.